ಬಾಗಿಲು ಬಡಿಯುವವರು ಏನು ಹಿಡಿದು ಬರುತ್ತಾರೆ?

ಕಲಬುರಗಿ ಜಿಲ್ಲೆಯ ನಮ್ಮೂರು ಸೇಡಂಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಅಲ್ಲಿ ಸರ್ಕಾರದವ್ರು ಮಕ್ಕಳ್ನ ಒಯ್ತಾರಂತಲ್ಲ, ಖರೇ ಏನು?" 2011ರಲ್ಲಿ ನಾರ್ವೆಯಲ್ಲಿ ಭಾರತದ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಮಕ್ಕಳ ರಕ್ಷಣೆಯವರು ಒಯ್ದ ಸುದ್ದಿಯನ್ನು ಜನ ಇನ್ನೂ ಮರೆತಿಲ್ಲ. ನಾನಿರುವುದು ಅಮೆರಿಕದ ಒಹಾಯೋದಲ್ಲಿ. ನಾರ್ವೆ ಬೇರೆ, ಅಮೆರಿಕ ಬೇರೆ ಅಂದರೆ ಯಾರು ಕೇಳುತ್ತಾರೆ! ಇರಲಿ, ಇಲ್ಲೂ ಒಯ್ಯುತ್ತಾರೆ. ಹೆತ್ತವರ ಮನೆಯಿಂದ ಅಷ್ಟೇ ಅಲ್ಲ, ದತ್ತು ತೆಗೆದುಕೊಂಡವರ ಮನೆಯಿಂದಲೂ.

ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮನೆಯಲ್ಲಿ ಆಟಿಸಂ ಇರುವ ದತ್ತು ಮಗ ಇದ್ದಾನೆ. ಮಧ್ಯರಾತ್ರಿ ಎದ್ದು, ಬಾಗಿಲು ತೆಗೆದು, ಬರಿಗಾಲಲ್ಲಿ ರಸ್ತೆಗೆ ನಡೆದುಬಿಡುತ್ತಾನೆ. ಬೇರೆ ದಾರಿ ಕಾಣದೆ ಅವನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿದರು. ಹುಡುಗ ಶಾಲೆಯಲ್ಲಿ ಹೇಳಿದ. ಟೀಚರ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಮಕ್ಕಳ ರಕ್ಷಣೆ ಆಫೀಸಿಗೆ ಫೋನ್ ಮಾಡಿದರು. ಮಾಡಲೇಬೇಕು; ಅನುಮಾನ ಬಂದೂ ತಿಳಿಸದಿದ್ದರೆ ಟೀಚರ್, ಡಾಕ್ಟರ್ ಮೇಲೇ ಕೇಸು. ಕೇಸ್‌ವರ್ಕರ್ ಬಂದರು. ಫ್ರಿಜ್ ತೆಗೆದು ನೋಡಿದರು, ಹುಡುಗನ ಕೈಕಾಲು ನೋಡಿದರು, ಚಿಲಕದ ಫೋಟೋ ತೆಗೆದುಕೊಂಡು ಹೋದರು. ಹುಡುಗನನ್ನು ಒಯ್ಯಲಿಲ್ಲ. ಆದರೆ ಅಂದಿನಿಂದ ಗಂಡ ಹೆಂಡತಿ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ರಾತ್ರಿ ಮಲಗುತ್ತಾನಾ ಅಂತ ಡಾಕ್ಟರ್ ಕೇಳಿದರೆ ಚೆನ್ನಾಗಿ ಮಲಗುತ್ತಾನೆ ಅನ್ನುತ್ತಾರೆ. ಇವತ್ತು ಹೇಳಿಕೊಂಡ ಕಷ್ಟ ನಾಳೆ ತಮ್ಮ ಮೇಲೇ ಸಾಕ್ಷಿಯಾದೀತು ಅನ್ನೋ ಭಯ.

ಇಲ್ಲಿ ದುಡ್ಡು ಕೊಡುವುದಿಲ್ಲ ಅಂತಲ್ಲ. 1980ರ ಕಾನೂನಿನಿಂದ ಇಂಥ ದತ್ತು ಮಕ್ಕಳಿಗೆ ತಿಂಗಳ ಹಣ ಬರುತ್ತದೆ, ಮೆಡಿಕೇಡ್ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಸಿಗುತ್ತದೆ. 18 ವರ್ಷದವರೆಗೆ, ಅಂಗವೈಕಲ್ಯ ಇದ್ದರೆ 21ರವರೆಗೂ ಕೊಡಬಹುದು. ಆದರೆ ಮಗು ಕೈಮೀರಿದಾಗ ಬೇಕಾದ ದುಬಾರಿ ಮಾನಸಿಕ ಚಿಕಿತ್ಸೆ ಬೇರೆ ಮಾತು. ಅದಕ್ಕಾಗಿ ಮಗುವನ್ನೇ ಸರ್ಕಾರದ ವಶಕ್ಕೆ ಬರೆದುಕೊಟ್ಟ ತಂದೆತಾಯಿ ಇದ್ದಾರೆ. 2001ರ ಸಾಲಿನಲ್ಲಿ 12,700ಕ್ಕೂ ಹೆಚ್ಚು ಮಕ್ಕಳು ಬರೀ ಚಿಕಿತ್ಸೆಗಾಗಿ ಮಕ್ಕಳ ಇಲಾಖೆಯ ಅಥವಾ ಬಾಲಾಪರಾಧಿಗಳ ವ್ಯವಸ್ಥೆಯೊಳಗೆ ಹೋದರು ಅಂತ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರೇ 2003ರಲ್ಲಿ ಬರೆದರು. ಅದೂ ಮಾಹಿತಿ ಕೊಟ್ಟ 19 ರಾಜ್ಯ, 30 ಕೌಂಟಿಗಳ ಲೆಕ್ಕ ಮಾತ್ರ. ಇದನ್ನು ತಪ್ಪಿಸಲೆಂದು ಒಹಾಯೋ ತನ್ನದೇ ಯೋಜನೆ ಶುರು ಮಾಡಿದ್ದು 2022ರಲ್ಲಿ.

ಇದನ್ನೆಲ್ಲ ಕೇಳಿ, ಸದ್ಯ ನಮ್ಮಲ್ಲಿ ಹಾಗಿಲ್ಲ ಅಂತ ಇಲ್ಲಿನ ಕನ್ನಡದವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ನನಗೆ ಆ ಸಮಾಧಾನ ಇಲ್ಲ.

ಸೇಡಂನಲ್ಲಿ ನಮ್ಮ ಓಣಿಯ ಕಾಕು ಒಬ್ಬರು ಮೈದುನನ ಮಗಳನ್ನು ಕೂಸಿದ್ದಾಗಲೇ ದತ್ತು ತೆಗೆದುಕೊಂಡರು. ಕಾಗದ ಇಲ್ಲ, ಪತ್ರ ಇಲ್ಲ, ಮನೆಯೊಳಗಿನ ಮಾತು. ಹುಡುಗಿಗೆ ಬುದ್ಧಿ ಬೆಳೆದಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ತೊಗರಿ ರಾಶಿ ಹೊತ್ತಿನಲ್ಲಿ ಹೋದಾಗ ನೋಡಿದೆ: ಪಡಸಾಲೆ ಕಂಬಕ್ಕೆ ಹಳೇ ಸೀರೆ, ಅದರ ಇನ್ನೊಂದು ತುದಿ ಹುಡುಗಿಯ ಸೊಂಟಕ್ಕೆ. ಪಕ್ಕದಲ್ಲಿ ನೀರಿನ ಚೊಂಬು, ಅರ್ಧ ರೊಟ್ಟಿ. ನಾನು ಕೇಳಿದ್ದಕ್ಕೆ ಕಾಕು, "ಬಿಟ್ರ ಸಿಮೆಂಟ್ ಲಾರಿ ಮುಂದ ಓಡ್ತದ ತಮ್ಮಾ. ಹೊಲಕ್ಕ ಹೋಗಲಿಲ್ಲಂದ್ರ ಹೊಟ್ಟಿಗೇನ್ ಮಾಡ್ಲಿ?" ಅಂದರು. ಒಹಾಯೋದಲ್ಲಿ ಹೀಗೆ ಕಂಡಿದ್ದರೆ ಹುಡುಗಿ ಬಹುಶಃ ಸಂಜೆಯೊಳಗೆ ಬೇರೆಯವರ ಮನೆಯಲ್ಲಿರುತ್ತಿದ್ದಳು. ಸೇಡಂನಲ್ಲಿ ಇಡೀ ಓಣಿ ನೋಡುತ್ತದೆ, ಯಾರೂ ಫೋನ್ ಮಾಡುವುದಿಲ್ಲ. ಕಾಕು ಮೇಲಿನ ಕರುಣೆ ಅದು, ಒಪ್ಪುತ್ತೇನೆ. ಆದರೆ ಆ ಕರುಣೆಯಿಂದ ಹುಡುಗಿಯ ಸೊಂಟದ ಗಂಟು ಬಿಚ್ಚಲಿಲ್ಲ.

ಕಾನೂನು ನಮ್ಮಲ್ಲೂ ಇದೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ, 1098ರ ಸಹಾಯವಾಣಿ, ಕಷ್ಟದಲ್ಲಿರುವ ಮಗುವನ್ನು 24 ಗಂಟೆಯೊಳಗೆ ಸಮಿತಿ ಮುಂದೆ ತರಬೇಕೆಂಬ ನಿಯಮ. ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ ಕಾರಾ ಮೂಲಕ ದತ್ತು ಪಡೆದರೆ ಆರು ತಿಂಗಳಿಗೊಮ್ಮೆ ವಿಚಾರಿಸುತ್ತಾರೆ, ಅದೂ ಎರಡು ವರ್ಷ. ಅಲ್ಲಿಗೆ ಮುಗಿಯಿತು. ಎಳೇ ಕೂಸನ್ನು ತಂದ ಮನೆಯಲ್ಲಿ ಮಾತು ಬರಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ ಅನ್ನುವುದು ಗಟ್ಟಿಯಾಗಿ ಗೊತ್ತಾಗುವುದೇ ಎಷ್ಟೋ ಸಲ ಎರಡು ಮೂರು ವರ್ಷಕ್ಕೆ. ವಿಚಾರಿಸುವವರು ನಿಲ್ಲುವ ಹೊತ್ತಿಗೇ ಕಷ್ಟ ಶುರು. ಇನ್ನು ಕಾಕು ಮನೆಯಂಥ ದತ್ತು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಹೊಡೆತ, ಉಪವಾಸ ಇರುವ ಮನೆಯಿಂದ ಮಗುವನ್ನು ತಕ್ಷಣ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ದಣಿದ ಮನೆಗಳ ಬಗ್ಗೆ. ಒಮ್ಮೆ ಮನೆ ಕಳಕೊಂಡ ಮಗು ಅದು. ಮತ್ತೆ ಕಿತ್ತರೆ ಯಾರನ್ನು ನಂಬಬೇಕು? ಮೊದಲು ದಿನಕ್ಕೆ ನಾಲ್ಕು ತಾಸು ಮಗುವನ್ನು ನೋಡಿಕೊಳ್ಳುವ ಒಬ್ಬರನ್ನು ಕಳಿಸಿ. ಆಮೇಲೂ ಸರಿಹೋಗದಿದ್ದರೆ ಒಯ್ಯುವ ಮಾತಾಡಿ.

ಒಹಾಯೋಗೆ ನಾನು ಬುದ್ಧಿ ಹೇಳುವುದು ಅಷ್ಟರಲ್ಲೇ ಇದೆ, ಬಿಡಿ. ಕಲಬುರಗಿಯಲ್ಲಾದರೆ ಇದು ಆಗದ ಕೆಲಸ ಅಲ್ಲ. ಗ್ರಾಮ ಪಂಚಾಯ್ತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಎಷ್ಟೋ ಜನ ಸ್ವತಃ ಅಂಗವಿಕಲರು, ಮನೆ ಮನೆ ಬಲ್ಲವರು. ದತ್ತು ಮಕ್ಕಳ ಮನೆಗೂ ಹೋಗಿ ಬರುವ ಕೆಲಸ ಅವರಿಗೆ ಕೊಡಿ, ಅದಕ್ಕೆ ತಕ್ಕ ಸಂಬಳವನ್ನೂ ಕೊಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆಗೆ, ಕಟ್ಟಡಕ್ಕೆ ಖರ್ಚು ಮಾಡುವುದರಲ್ಲಿ ಒಂದು ಪಾಲು ತೆಗೆದಿಟ್ಟು, ರಾಶಿ ಕಾಲದಲ್ಲಾದರೂ ಹೋಬಳಿಗೊಂದು ಕಡೆ ಇಂಥ ಮಕ್ಕಳನ್ನು ಹಗಲು ನೋಡಿಕೊಳ್ಳುವ ವ್ಯವಸ್ಥೆ ಮಾಡಲಿ. ಹೊಸ ಕಟ್ಟಡವೇನೂ ಬೇಡ, ಅಂಗನವಾಡಿ ಪಕ್ಕದ ಒಂದು ಕೋಣೆ, ತರಬೇತಿ ಪಡೆದ ಇಬ್ಬರು ಸಾಕು.