ನಿಜದ ಕೊಲೆಗಳು, ಕಲ್ಪನೆಯ ಪೊಲೀಸರು: ‘ರೆಡ್ ರೈಡಿಂಗ್’ ಮಾಡಿದ್ದು ಸರಿಯೇ?

ಡೇವಿಡ್ ಪೀಸ್ 1999ರಿಂದ 2002ರವರೆಗೆ ನಾಲ್ಕು ಕಾದಂಬರಿಗಳನ್ನು ಪ್ರಕಟಿಸಿದರು; ಅವುಗಳ ಹೆಸರು ಕಥೆ ನಡೆಯುವ ವರ್ಷಗಳೇ: 1974, 1977, 1980, 1983. ಅವುಗಳಲ್ಲಿ ಮೂರನ್ನು ಬ್ರಿಟನ್ನಿನ ಚಾನೆಲ್ 4 ವಾಹಿನಿ 2009ರ ಮಾರ್ಚ್‌ನಲ್ಲಿ ‘ರೆಡ್ ರೈಡಿಂಗ್’ ಎಂಬ ಮೂರು ಕಂತುಗಳ ಸರಣಿಯಾಗಿ ತೋರಿಸಿತು. ಕಥೆಗೆ ಆಧಾರ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನಡೆದ ನಿಜ ಅಪರಾಧಗಳು. ಅವುಗಳಿಗೆ ಇಷ್ಟೊಂದು ಕಲ್ಪನೆ ಬೆರೆಸಬಹುದಿತ್ತೇ?

ಪರ

ಸರಣಿಯಲ್ಲಿ ಮಾಡದ ಕೊಲೆಯನ್ನು ಒಪ್ಪಿಕೊಳ್ಳುವ ಮೈಕೆಲ್ ಮಿಶ್ಕಿನ್‌ನನ್ನು ನೋಡಿದಾಗ ಸ್ಟೀಫನ್ ಕಿಶ್ಕೊ ನೆನಪಾಗುತ್ತಾನೆ. ಕಿಶ್ಕೊ ನಿಜದ ವ್ಯಕ್ತಿ, ರಾಚ್‌ಡೇಲ್ ಊರಿನ ತೆರಿಗೆ ಕಚೇರಿಯ ಗುಮಾಸ್ತ. 1975ರಲ್ಲಿ 11 ವರ್ಷದ ಹುಡುಗಿಯೊಬ್ಬಳ ಕೊಲೆಯಾದಾಗ ಪೊಲೀಸರು ಆತನನ್ನು ಹಿಡಿದು, ವಕೀಲರಿಲ್ಲದೆಯೇ ವಿಚಾರಣೆ ನಡೆಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಒಪ್ಪಿಕೊಂಡರೆ ಹೇಳಿಕೆಯನ್ನು ತಾಳೆ ನೋಡುತ್ತಾರೆ, ಸುಳ್ಳೆಂದು ಗೊತ್ತಾದ ಮೇಲೆ ಬಿಟ್ಟುಬಿಡುತ್ತಾರೆ ಎಂದು ಆತ ನಂಬಿದ್ದ. ಹೊರಗೆ ಬರಲು 1992 ಆಯಿತು, ಮರುವರ್ಷವೇ ತೀರಿಕೊಂಡ.

ಆಗೆಲ್ಲ ವಿಚಾರಣೆಯನ್ನು ಧ್ವನಿಮುದ್ರಿಸುವ ಕಡ್ಡಾಯವಿರಲಿಲ್ಲ. ಕಡತದಲ್ಲಿ ಉಳಿದದ್ದು ಪೊಲೀಸರು ಬರೆದುಕೊಂಡದ್ದಷ್ಟೇ. ಸಾಕ್ಷ್ಯಚಿತ್ರ ಆ ಕೋಣೆಯ ಬಾಗಿಲಲ್ಲೇ ನಿಲ್ಲಬೇಕು, ಕಾದಂಬರಿ ಒಳಗೆ ಹೋಗಬಲ್ಲದು. ಹೆಸರು ಬದಲಿಸಿದ್ದರಿಂದಲೇ ಆ ಧೈರ್ಯ ಬಂತು. ಸರಣಿ ತೋರಿಸುವ ಬಿಲ್ಡರ್ ಮತ್ತು ಪೊಲೀಸರ ಒಳಒಪ್ಪಂದವೂ ಗಾಳಿಯಿಂದ ಹುಟ್ಟಿದ್ದಲ್ಲ: ಅದೇ ಸೀಮೆಯ ಪಾಂಟಿಫ್ರ್ಯಾಕ್ಟ್‌ನ ಜಾನ್ ಪೌಲ್ಸನ್ ಎಂಬ ವಾಸ್ತುಶಿಲ್ಪಿ ಕಟ್ಟಡ ಗುತ್ತಿಗೆಗಳಿಗಾಗಿ ಲಂಚ ಕೊಟ್ಟು 1974ರಲ್ಲೇ ಜೈಲು ಸೇರಿದ್ದ.

ಟೋನಿ ಗ್ರಿಸೋನಿ ಮೂರಕ್ಕೂ ಚಿತ್ರಕಥೆ ಬರೆದರು, ನಿರ್ದೇಶಕರು ಮಾತ್ರ ಬೇರೆಬೇರೆ. 1974ರ ಕಥೆಯನ್ನು ಜೂಲಿಯನ್ ಜರಾಲ್ಡ್ 16 ಎಂಎಂ ಫಿಲ್ಮ್‌ನಲ್ಲಿ ತೆಗೆದರು. ಆ ಒರಟು ಕಾಳುಕಾಳು ಚಿತ್ರದಲ್ಲಿ ಸಿಗರೇಟಿನ ಹೊಗೆ, ಕೆಸರು, ಪತ್ರಿಕಾ ಕಚೇರಿ ಎಲ್ಲಕ್ಕೂ ಒಂದೇ ಮಾಸಲು ಬಣ್ಣ. 1980ಕ್ಕೆ ಜೇಮ್ಸ್ ಮಾರ್ಷ್ 35 ಎಂಎಂ ಬಳಸಿದರು, 1983ಕ್ಕೆ ಆನಂದ್ ಟಕ್ಕರ್ ಡಿಜಿಟಲ್ ಕ್ಯಾಮೆರಾ. ಒಂದೇ ಊರು ಒಂಬತ್ತು ವರ್ಷದಲ್ಲಿ ಕೊಳೆಯುತ್ತ ಹೋದದ್ದನ್ನು ಹೀಗೆ ಕಣ್ಣಿಗೆ ಕಟ್ಟಿಸಿದ ಅಪರಾಧ ಸರಣಿಗಳು ಅಪರೂಪ.

ವಿರೋಧ

ಸರಣಿ ಚೆನ್ನಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಪೊಲೀಸರು ಎಡವಿದ್ದಕ್ಕೆ ಅದು ನೋಡುಗರ ತಲೆಯಲ್ಲಿ ಬಿತ್ತುವುದು ತಪ್ಪು ಕಾರಣವನ್ನು.

‘ಯಾರ್ಕ್‌ಷೈರ್ ರಿಪ್ಪರ್’ ಎಂದು ಕುಖ್ಯಾತನಾದ ಪೀಟರ್ ಸಟ್‌ಕ್ಲಿಫ್ 1975ರಿಂದ 1980ರವರೆಗೆ 13 ಮಹಿಳೆಯರನ್ನು ಕೊಂದ. ಪೊಲೀಸರು ಅವನನ್ನು ಒಂಬತ್ತು ಸಲ ಪ್ರಶ್ನಿಸಿ ಬಿಟ್ಟಿದ್ದರು. ಕಾರಣ ಪಿತೂರಿಯಲ್ಲ, ಕಾರ್ಡು. ಲೀಡ್ಸ್‌ನ ಮಿಲ್‌ಗಾರ್ತ್ ಠಾಣೆಯಲ್ಲಿ ಎಲ್ಲ ಮಾಹಿತಿಯನ್ನೂ ಕೈಬರಹದ ಸೂಚಿ ಕಾರ್ಡುಗಳಲ್ಲಿ ಇಟ್ಟಿದ್ದರು. ಕಾಗದದ ಭಾರಕ್ಕೆ ನೆಲವನ್ನೇ ಭದ್ರಪಡಿಸಬೇಕಾಯಿತು. ಒಬ್ಬನ ಬಗ್ಗೆ ಬಂದ ಹೊಸ ವರದಿ ಅವನ ಹಳೆಯ ಕಾರ್ಡಿನ ಜೊತೆ ಸೇರದೆ ರಾಶಿಯಲ್ಲಿ ಉಳಿಯುತ್ತಿತ್ತು. 1977ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕೊಲೆಯಾದವಳ ಕೈಚೀಲದಲ್ಲಿ ಹೊಸ ಐದು ಪೌಂಡ್ ನೋಟು ಸಿಕ್ಕಿತು. ಅದನ್ನು ಸಂಬಳಕ್ಕೆ ಹಂಚಿರಬಹುದಾದ ಕಂಪನಿಗಳಲ್ಲಿ ಸಟ್‌ಕ್ಲಿಫ್ ಕೆಲಸ ಮಾಡುತ್ತಿದ್ದದ್ದೂ ಒಂದು. ಅಷ್ಟು ಹತ್ತಿರ ಹೋಗಿದ್ದರು! ತಾನೇ ಕೊಲೆಗಾರ ಎಂದು ಯಾರೋ 1979ರಲ್ಲಿ ಪೊಲೀಸರಿಗೆ ಕಳಿಸಿದ ನಕಲಿ ಧ್ವನಿಸುರುಳಿ ಇದ್ದಬದ್ದದ್ದನ್ನೂ ಕೆಡಿಸಿತು: ಮಾತಿನ ಧಾಟಿ ಸಂಡರ್‌ಲೆಂಡ್ ಕಡೆಯದು, ಆ ಧಾಟಿ ಇಲ್ಲದವರನ್ನು ಶಂಕಿತರ ಪಟ್ಟಿಯಿಂದ ಬಿಟ್ಟರು. ಸಟ್‌ಕ್ಲಿಫ್ ಬ್ರ್ಯಾಡ್‌ಫರ್ಡ್ ಕಡೆಯವನು.

ಇದನ್ನೆಲ್ಲ ಬದಿಗೆ ಸರಿಸಿ ಲಂಚ, ರಹಸ್ಯ ಕೂಟ, ಗುಂಡೇಟುಗಳನ್ನು ಮುಂದಿಟ್ಟರೆ, ನಾಲ್ಕು ದುಷ್ಟರನ್ನು ತೆಗೆದುಹಾಕಿದರೆ ಎಲ್ಲ ಸರಿಹೋಗುತ್ತಿತ್ತು ಅನ್ನಿಸುತ್ತದೆ. ಸಾಲದ್ದಕ್ಕೆ 1977ರ ಪುಸ್ತಕವನ್ನೇ ಕೈಬಿಟ್ಟಿದ್ದಾರೆ. 1974ರಿಂದ ನೇರ 1980ಕ್ಕೆ ಜಿಗಿತ; ರಿಪ್ಪರ್ ತನಿಖೆ ಹಳಿ ತಪ್ಪಿದ ವರ್ಷಗಳೇ ತೆರೆಯ ಮೇಲೆ ಇಲ್ಲ.

ಮೊದಲ ಕಂತಿನಲ್ಲಿ ಸತ್ತ ಮಗುವಿನ ಬೆನ್ನಿಗೆ ಹಂಸದ ರೆಕ್ಕೆ ಹೊಲಿದಿರುತ್ತದೆ. ನಿಜ ಪ್ರಕರಣಗಳ ನೆರಳಿನಲ್ಲಿ ನಡೆಯುವ ಕಥೆಗೆ ಈ ಅಲಂಕಾರ ಬೇಕಿರಲಿಲ್ಲ. ಮಗಳನ್ನು ಕಳೆದುಕೊಂಡ ಮನೆಯವರೂ ಟಿವಿ ನೋಡುತ್ತಾರೆ.

ಮಿಶ್ಕಿನ್ ಕಥೆಯ ಒತ್ತೆಲ್ಲ ಠಾಣೆಯ ಹಿಂಸೆಯ ಮೇಲಿದೆ. ಕಿಶ್ಕೊ ಪ್ರಕರಣದಲ್ಲಿ ಅದಕ್ಕಿಂತ ಘೋರವಾದದ್ದು ಪ್ರಯೋಗಾಲಯದ ವರದಿ. ಹುಡುಗಿಯ ಬಟ್ಟೆಯ ಮೇಲಿನ ವೀರ್ಯದಲ್ಲಿ ವೀರ್ಯಾಣುಗಳಿದ್ದವು. ಕಿಶ್ಕೊನ ದೇಹದಲ್ಲಿ ಅವು ಉತ್ಪತ್ತಿಯಾಗುತ್ತಲೇ ಇರಲಿಲ್ಲ. ಇದು ವಿಚಾರಣೆಗೆ ಮೊದಲೇ ಗೊತ್ತಿದ್ದರೂ ಆತನ ವಕೀಲರಿಗೆ ತಿಳಿಸಲಿಲ್ಲ. ಅಸಲಿ ಕೊಲೆಗಾರನಿಗೆ ಶಿಕ್ಷೆಯಾದದ್ದು 2007ರಲ್ಲಿ, ಡಿಎನ್‌ಎ ಆಧಾರದ ಮೇಲೆ. ಆ ವರದಿ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಿ ಎಲ್ಲಿ ನಿಂತಿತು ಎಂಬುದನ್ನೇ ಒಂದು ಕಂತು ಮಾಡಬಹುದಿತ್ತು. ಅದರಲ್ಲಿ ಒಂದೇ ಒಂದು ಏಟು ಬೀಳಬೇಕಿರಲಿಲ್ಲ.