ಜನವರಿ 20ರವರೆಗೆ ಮಾತ್ರ ಸಾಧುವಾದ ತೆಂಗಿನಕಾಯಿ

2024ರ ಅಕ್ಟೋಬರ್ ಕೊನೆಯಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವ ರಾಮಮೋಹನ ನಾಯ್ಡು ಅವರು ಅಯ್ಯಪ್ಪ ಭಕ್ತರಿಗೆ ಒಂದು ಶುಭವಾರ್ತೆಯನ್ನು ತಿಳಿಸಿದರು. ಶಬರಿಮಲೆಗೆ ಹೊರಟವರು ಇರುಮುಡಿಯೊಳಗಿನ ತೆಂಗಿನಕಾಯಿಯನ್ನು ಇನ್ನು ಮುಂದೆ ವಿಮಾನದ ಕ್ಯಾಬಿನ್ನಿಗೆ ಜೊತೆಯಲ್ಲೇ ಒಯ್ಯಬಹುದು. ಎಕ್ಸ್‌-ರೇ, ಸ್ಫೋಟಕದ ಕುರುಹು ಹುಡುಕುವ ಯಂತ್ರ ಮತ್ತು ಸಿಬ್ಬಂದಿಯ ಕೈ ತಪಾಸಣೆ, ಈ ಮೂರು ಪರೀಕ್ಷೆಗಳಲ್ಲಿ ಕಾಯಿ ಉತ್ತೀರ್ಣವಾದರೆ ಸಾಕು. ಅಲ್ಲಿಯವರೆಗೆ ಅದಕ್ಕೆ ಕ್ಯಾಬಿನ್ ಪ್ರವೇಶ ನಿಷಿದ್ಧವಾಗಿತ್ತು. ತೆಂಗಿನಕಾಯಿ ಸುಲಭವಾಗಿ ಬೆಂಕಿ ಹಿಡಿಯುವ ವಸ್ತು ಎಂಬ ಕಾರಣವೂ ಪತ್ರಿಕೆಗಳಲ್ಲಿ ಅಚ್ಚಾಯಿತು. ಶುಭವಾರ್ತೆಯ ಬಾಲದಲ್ಲಿ ಒಂದು ಷರತ್ತು ಇತ್ತು: ಈ ವಿನಾಯಿತಿ 2025ರ ಜನವರಿ 20ರವರೆಗೆ ಮಾತ್ರ.

ನಮ್ಮ ಭದ್ರತಾ ವ್ಯವಸ್ಥೆ ಪದಾರ್ಥ ವಿಜ್ಞಾನಕ್ಕೆ ಕೊಟ್ಟ ಕೊಡುಗೆ ಇದು. ಬೆಂಕಿ ಹಿಡಿಯುವುದಕ್ಕೆ ಉಷ್ಣತೆ, ಆಮ್ಲಜನಕ ಮತ್ತು ಇಂಧನ ಬೇಕೆಂದು ಶಾಲೆಯಲ್ಲಿ ಓದಿದವರು ಇನ್ನು ಮುಂದೆ ನಾಲ್ಕನೆಯದಾಗಿ ದಿನಾಂಕವನ್ನೂ ಸೇರಿಸಿಕೊಳ್ಳಬೇಕು. ಜನವರಿ 20ರಂದು ಭಕ್ತನ ತೊಡೆಯ ಮೇಲೆ ತಣ್ಣಗೆ ಕುಳಿತಿದ್ದ ಕಾಯಿ 21ರ ಬೆಳಿಗ್ಗೆ ಉರಿಯುವ ಸ್ವಭಾವವನ್ನು ಮರಳಿ ಪಡೆಯುತ್ತದೆ. 20ರ ರಾತ್ರಿ ತಡವಾಗಿ ಹೊರಟ ವಿಮಾನ ಇನ್ನೂ ಆಕಾಶದಲ್ಲಿರುವಾಗಲೇ ಗಡಿಯಾರ ಹನ್ನೆರಡು ಹೊಡೆದರೆ ಆ ಕಾಯಿಯನ್ನು ಏನು ಮಾಡಬೇಕೆಂಬುದನ್ನು ಗುರುಸ್ವಾಮಿಯವರು ತೀರ್ಮಾನಿಸಬೇಕೋ ಪೈಲಟ್ ತೀರ್ಮಾನಿಸಬೇಕೋ, ಅದಕ್ಕಾಗಿ ಇನ್ನೊಂದು ಸುತ್ತೋಲೆ ಬರಬೇಕಾಗಬಹುದು.

ಇದರಲ್ಲಿ ಇನ್ನೂ ಸ್ವಾರಸ್ಯಕರವಾದ ಸಂಗತಿ ಕಾಯಿಯ ಹೊಟ್ಟೆಯಲ್ಲಿದೆ. ಇರುಮುಡಿಗೆ ಕಟ್ಟುವ ಮುಖ್ಯ ತೆಂಗಿನಕಾಯಿಯ ಕಣ್ಣು ತೆಗೆದು, ನೀರನ್ನು ಪೂರ್ತಿ ಬಸಿದು, ಅದರೊಳಗೆ ತುಪ್ಪ ತುಂಬಿ ಬಿರಡೆ ಹಾಕುತ್ತಾರೆ. ಬೆಂಕಿಯನ್ನು ಆರಿಸಬಲ್ಲ ನೀರು ಒಳಗಿರುವ ಸಾಮಾನ್ಯ ಕಾಯಿ, ಅಂದರೆ ನೀವು ಮಗಳ ಮನೆಯ ಗೃಹಪ್ರವೇಶಕ್ಕೆ ಒಯ್ಯುವ ಕಾಯಿ, ಅಪಾಯಕಾರಿ; ನೀರು ತೆಗೆದು ಅದೇ ಜಾಗಕ್ಕೆ ದೀಪದ ಇಂಧನವನ್ನೇ ತುಂಬಿದ ಕಾಯಿ ನಿರಪಾಯಕಾರಿ. ಸನ್ನಿಧಾನದಲ್ಲಿ ಆ ತುಪ್ಪ ಅಭಿಷೇಕಕ್ಕೆ ಸಲ್ಲುತ್ತದೆ, ಒಡೆದ ಕಾಯಿಯ ಒಂದು ಹೋಳು ಹದಿನೆಂಟು ಮೆಟ್ಟಿಲುಗಳ ಬಳಿ ಧಗಧಗಿಸುವ ಆಳಿಯೆಂಬ ಅಗ್ನಿಕುಂಡಕ್ಕೆ ಬೀಳುತ್ತದೆ. ತೆಂಗಿನಕಾಯಿ ಉರಿಯುತ್ತದೆಂಬ ಭದ್ರತಾ ಇಲಾಖೆಯ ಸಿದ್ಧಾಂತ ಅಕ್ಷರಶಃ ನಿಜವಾಗುವುದು ಅಲ್ಲಿಯೇ, ಇಲಾಖೆ ಕೈಯಾರೆ ಬಿಟ್ಟುಕೊಟ್ಟ ಕಾಯಿಗಳ ಮೂಲಕವೇ. ಭಕ್ತರ ಬಗ್ಗೆ ನನ್ನ ತಕರಾರೇನೂ ಇಲ್ಲ. ನಲವತ್ತೊಂದು ದಿನ ವ್ರತ ಹಿಡಿದವರು ತಮ್ಮ ಇರುಮುಡಿಯನ್ನು ಸಾಮಾನಿನ ಬೆಲ್ಟಿನ ಮೇಲೆ ಉರುಳಲು ಬಿಡಬೇಕಾಗಿದ್ದುದೇ ಮೊದಲಿನ ತಪ್ಪು. ತಕರಾರಿರುವುದು ವಿಜ್ಞಾನದ ಹೆಸರು ಹೇಳಿಕೊಂಡು ಹುಟ್ಟಿದ ನಿಯಮ ಪಂಚಾಂಗ ನೋಡಿ ಮಲಗಿ, ಪಂಚಾಂಗ ನೋಡಿ ಏಳುವುದರ ಬಗ್ಗೆ.

ಇಂಥ ಪಂಚಾಂಗದ ಭಾಗ್ಯ ಒಣಕೊಬ್ಬರಿಗಿಲ್ಲ. ಕೊಬ್ಬರಿಗೆ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ 1363 ಎಂಬ ಸಂಖ್ಯೆಯಿದೆ. ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ, 4.2ನೇ ವರ್ಗದಲ್ಲಿ, ಅದಕ್ಕೆ ಖಾಯಂ ಆಸನ. ಹಡಗಿನ ಹೊಟ್ಟೆಯಲ್ಲಿ ಟನ್ನುಗಟ್ಟಲೆ ಒಟ್ಟಿದ, ತೇವ ಸರಿಯಾಗಿ ಆರದ ಕೊಬ್ಬರಿ ಒಳಗೊಳಗೇ ಕಾದು ಹೊತ್ತಿಕೊಳ್ಳಬಹುದು ಎಂಬುದು ಸುಳ್ಳಲ್ಲ, ಆದ್ದರಿಂದ ಆ ಸಂಖ್ಯೆಯನ್ನು ಕೊಟ್ಟವರು ದಡ್ಡರೂ ಅಲ್ಲ. ಆದರೆ ತಿಪಟೂರಿನ ಸೀಮೆಯಲ್ಲಿ ಕಾಯಿಗಳನ್ನು ಅಟ್ಟದ ಮೇಲೆ ಹರಡಿ, ಒಳಗಿನ ನೀರು ಇಂಗಿ ಗಿಟುಕಾಗುವವರೆಗೆ ತಿಂಗಳುಗಟ್ಟಲೆ ಬಿಟ್ಟು, ಅದೇ ಅಟ್ಟದ ಕೆಳಗೆ ಅಡುಗೆ ಮಾಡಿಕೊಂಡು, ಮದುವೆ ಮಾಡಿಕೊಂಡು, ಮೊಮ್ಮಕ್ಕಳನ್ನು ಮಲಗಿಸಿಕೊಂಡು ಬಾಳಿದ ಮನೆಗಳಿವೆ. ತಲೆಯ ಮೇಲೆ 4.2ನೇ ವರ್ಗವನ್ನು ಇಟ್ಟುಕೊಂಡು ತಲೆಮಾರುಗಳು ನಿದ್ದೆ ಮಾಡಿದ ಸಂಗತಿ ಆ ಊರಿನವರಿಗೆ ಗೊತ್ತಾಗುವುದು ದೇವನಹಳ್ಳಿಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ, ಸಂಕ್ರಾಂತಿಯ ಎಳ್ಳು ಬೀರಲೆಂದು ಹೊರನಾಡಿನ ಮಗನ ಮನೆಗೆ ಹೊತ್ತುಕೊಂಡು ಬಂದ ಗಿಟುಕುಗಳನ್ನು ಸೂಟ್‌ಕೇಸಿನಿಂದ ಹೊರಗೆ ತೆಗೆಸುವಾಗ. ಎಳ್ಳು, ಬೆಲ್ಲ, ಕಡಲೆಬೀಜ, ಸಕ್ಕರೆ ಅಚ್ಚು ಎಲ್ಲಕ್ಕೂ ವಿಮಾನಯೋಗವಿದೆ, ಕೊಬ್ಬರಿಗಿಲ್ಲ. ಮಕರಜ್ಯೋತಿಗೆ ಹೊರಟ ಕಾಯಿಗೆ ವಿನಾಯಿತಿ ಇರುವ ಅದೇ ವಾರದಲ್ಲಿ ಮಕರ ಸಂಕ್ರಾಂತಿಗೆ ಹೊರಟ ಕೊಬ್ಬರಿ ಕೌಂಟರಿನಲ್ಲೇ ಉಳಿಯುತ್ತದೆ. ಇಬ್ಬರ ಸೂರ್ಯನೂ ಒಬ್ಬನೇ ಎಂಬುದನ್ನು ಯಾರಾದರೂ ಸಚಿವಾಲಯಕ್ಕೆ ತಿಳಿಸಬೇಕು.

ಪವರ್ ಬ್ಯಾಂಕಿನ ಜಾತಕ ಇದಕ್ಕೆ ತದ್ವಿರುದ್ಧ. ಅದು ನಿಜವಾಗಿಯೂ ಹೊತ್ತಿಕೊಳ್ಳಬಲ್ಲದು, ಆದ್ದರಿಂದಲೇ ಅದನ್ನು ಸರಕಿನ ಚೀಲದಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಬೆಂಕಿ ಕಣ್ಣೆದುರಿಗೆ ಬಿದ್ದರೆ ಸಿಬ್ಬಂದಿಗೆ ಆರಿಸಲು ಸುಲಭವೆಂಬುದು ಅದರ ತರ್ಕ. ತರ್ಕ ಸರಿಯಾಗಿಯೇ ಇದೆ. ಆದರೆ ಉರಿಯುವ ಕಾಯಿ ಕಣ್ಣೆದುರಿಗೆ ಬರಕೂಡದು, ಉರಿಯುವ ಬ್ಯಾಟರಿ ಕಣ್ಮರೆಯಾಗಕೂಡದು ಎಂಬ ಎರಡು ನಿಯಮಗಳನ್ನು ಒಂದೇ ಸರದಿಯಲ್ಲಿ ನಿಂತು ಕಂಠಪಾಠ ಮಾಡಬೇಕಾದ ಹಿರಿಯ ನಾಗರಿಕರ ಮುಖವನ್ನು ನೋಡಲಾಗುವುದಿಲ್ಲ.

ಪಂಚಾಂಗದ ವ್ಯಾಧಿ ನಮಗೆ ಮಾತ್ರ ಅಂಟಿದ್ದೆಂದು ಭಾವಿಸಿ ಕುಗ್ಗಬೇಕಾಗಿಲ್ಲ. ವಿಮಾನದಲ್ಲಿ ದ್ರವ ಸ್ಫೋಟಕ ಬಳಸುವ ಸಂಚೊಂದು 2006ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿ ಬಯಲಾದ ಮೇಲೆ ಬಂದ 100 ಮಿಲಿಲೀಟರಿನ ಮಿತಿ, ಪಾತ್ರೆಯ ಗಾತ್ರವನ್ನು ನೋಡುತ್ತದೆಯೇ ಹೊರತು ಒಳಗಿರುವುದನ್ನಲ್ಲ. 200 ಮಿಲಿಲೀಟರಿನ ಸೀಸೆಯ ತಳದಲ್ಲಿ ಉಳಿದ ಒಂದು ಚಮಚ ಜೇನುತುಪ್ಪಕ್ಕೂ ವಿದೇಶಯಾನದಲ್ಲಿ ಮುಕ್ತಿಯಿಲ್ಲ. ಲಂಡನ್ ಸಿಟಿ ವಿಮಾನ ನಿಲ್ದಾಣ ಹೊಸ ಸ್ಕ್ಯಾನರುಗಳನ್ನು ತಂದು 2023ರಲ್ಲಿ ಈ ಮಿತಿಯನ್ನು ಕೈಬಿಟ್ಟಿತು. 2024ರ ಜೂನ್ ತಿಂಗಳಲ್ಲಿ ಸರ್ಕಾರವೇ ಅದನ್ನು ಮತ್ತೆ ಹೇರಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಯುರೋಪಿನ ಒಕ್ಕೂಟವೂ ಹೊಸ ಸ್ಕ್ಯಾನರು ಕೊಂಡಿದ್ದ ನಿಲ್ದಾಣಗಳಿಗೆ ಹಳೆಯ ಮಿತಿಯನ್ನೇ ವಿಧಿಸಿತು. 2025ರ ಜುಲೈ ಹೊತ್ತಿಗೆ ಎಡಿನ್‌ಬರೋದಲ್ಲಿ ಎರಡು ಲೀಟರಿನ ಪಾತ್ರೆ ಸಾಧುವಾಯಿತು. ಶಾಂಪೂವಿನ ರಾಸಾಯನಿಕ ಗುಣ ಈ ಅವಧಿಯಲ್ಲಿ ಎಷ್ಟು ಸಲ ಪಕ್ಷಾಂತರ ಮಾಡಿತೆಂಬುದನ್ನು ನಮ್ಮ ಶಾಸಕರು ಅಭ್ಯಾಸ ಮಾಡಬಹುದು. ಅಮೆರಿಕದಲ್ಲಂತೂ ಸುಮಾರು ಎರಡು ದಶಕ ಕಾಲ ಪ್ರಯಾಣಿಕರಿಂದ ಬಿಚ್ಚಿಸಿದ ಚಪ್ಪಲಿ-ಬೂಟುಗಳು 2025ರ ಜುಲೈನಲ್ಲಿ ಒಮ್ಮೆಲೇ ದೋಷಮುಕ್ತವಾದವು.

2025ರ ನವೆಂಬರ್ ಕೊನೆಯಲ್ಲಿ, ಮಂಡಲ ಪೂಜೆಯ ಋತು ಆರಂಭವಾಗಿ ಭಕ್ತರು ಬೆಟ್ಟ ಹತ್ತತೊಡಗಿದ ಮೇಲೆ, ನಮ್ಮ ಕಾಯಿಗೆ ಮತ್ತೆ ಕ್ಷಮಾದಾನ ಸಿಕ್ಕಿತು. ಅದಕ್ಕೆ ಕೊಟ್ಟ ಗಡುವು ಪುನಃ ಜನವರಿ 20. ಶಬರಿಮಲೆಯ ಬಾಗಿಲು ಪ್ರತಿ ಮಲಯಾಳ ಮಾಸದ ಆರಂಭದಲ್ಲಿಯೂ ತೆರೆಯುತ್ತದೆ, ಆಗಲೂ ಕರ್ನಾಟಕದಿಂದ ಇರುಮುಡಿ ಹೊತ್ತವರು ಹೋಗುತ್ತಾರೆ, ಆಗಿನ ಕಾಯಿಯೂ ತೆಂಗಿನ ಮರದಲ್ಲಿಯೇ ಬಿಟ್ಟಿರುತ್ತದೆ ಎಂಬ ಮಾಹಿತಿ ಕಡತಕ್ಕೆ ಸೇರಿದಂತೆ ಕಾಣುವುದಿಲ್ಲ. ಕುಂಭ ಮಾಸದ ಪೂಜೆಗೆ ಕೊಚ್ಚಿಯ ವಿಮಾನ ಹತ್ತಬೇಕೆನ್ನುವವರಿಗಾಗಿ ನನ್ನದೊಂದು ವಿನಮ್ರ ಸಲಹೆಯಿದೆ. ತುಪ್ಪದ ಕಾಯಿಗೆ ಹೇಗೂ ಬಿರಡೆಯ ಮೇಲೆ ಮುದ್ರೆ ಹಾಕುತ್ತಾರೆ. ಅದರ ಪಕ್ಕದಲ್ಲೇ ಸಚಿವಾಲಯವೂ ತನ್ನದೊಂದು ಮುದ್ರೆ ಒತ್ತಿ, ಈ ಕಾಯಿ ಇಂಥ ದಿನಾಂಕದವರೆಗೆ ಉರಿಯತಕ್ಕದ್ದಲ್ಲ ಎಂದು ಕಾಯಿಗೇ ನೇರವಾಗಿ ಆದೇಶ ಹೊರಡಿಸಲಿ, ಆ ಆದೇಶದ ಒಂದು ಪ್ರತಿಯನ್ನು ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಗೂ ಕಳುಹಿಸಲಿ.