ಟರ್ನ್‌ಟೇಬಲ್ ಕೊಳ್ಳುವ ಮುಂಚೆ ಅಟ್ಟದ ಪೆಟ್ಟಿಗೆ ಇಳಿಸಿ

ಈಚೆಗೆ ಇನ್‌ಬಾಕ್ಸಿಗೆ ಪದೇಪದೇ ಬರುವ ಪ್ರಶ್ನೆ: "ಅಪ್ಪನ ಕಾಲದ ರೆಕಾರ್ಡ್ ಪ್ಲೇಯರ್ ಕೆಟ್ಟು ಕೂತಿದೆ, ಹೊಸದು ಯಾವುದು ತಗೊಳ್ಳೋದು ಸರ್?" ಜೊತೆಗೊಂದು ಲಿಂಕು. ಹೆಚ್ಚಿನ ಸಲ ಅದು ಬಣ್ಣಬಣ್ಣದ ಸೂಟ್‌ಕೇಸ್ ಪ್ಲೇಯರಿನ ಲಿಂಕೇ ಆಗಿರುತ್ತೆ. ಒಬ್ಬೊಬ್ಬರಿಗೂ ಬೇರೆಬೇರೆ ಬರೆಯುವ ಬದಲು ಇಲ್ಲೇ ಹೇಳಿಬಿಡ್ತೀನಿ. ಅದನ್ನು ಕೊಳ್ಳಬೇಡಿ.

ಆಸೆ ಯಾಕೆ ಆಗುತ್ತೆ ಅನ್ನೋದು ಗೊತ್ತು. ನೋಡಿದ ಕೂಡಲೇ ನಮ್ಮ ಮನೆಗಳಲ್ಲಿದ್ದ ಎಚ್‌ಎಂವಿ ಫಿಯೆಸ್ಟಾ ಕಣ್ಮುಂದೆ ಬರುತ್ತೆ. ಬ್ಯಾಟರಿ ಹಾಕಿ ಮದುವೆಮನೆಗೂ ಹೊತ್ತೊಯ್ಯುತ್ತಿದ್ದ ಅದೇ ಪೆಟ್ಟಿಗೆ. ಆದರೆ ಈ ಹೊಸ ಅಗ್ಗದ ಪೆಟ್ಟಿಗೆಗಳ ಒಳಗೆ ಇರೋದು ಸೆರಾಮಿಕ್ ಕಾರ್ಟ್ರಿಜ್ (ಕಾರ್ಟ್ರಿಜ್ ಅಂದರೆ ತೋಳಿನ ತುದಿಯಲ್ಲಿ ಮುಳ್ಳು ಹಿಡಿದು, ಅದರ ಕುಣಿತವನ್ನು ಸಿಗ್ನಲ್ ಮಾಡುವ ಭಾಗ). ಮುಳ್ಳು ರೆಕಾರ್ಡ್ ತಟ್ಟೆಯ ಮೇಲೆ ಸಾಮಾನ್ಯವಾಗಿ 5 ಗ್ರಾಂ ಆಸುಪಾಸು ಭಾರ ಹೇರುತ್ತೆ, ಅದನ್ನು ಕಡಿಮೆ ಮಾಡೋಣವೆಂದರೆ ತೋಳಿಗೆ ಹಿಂದೆ ತೂಕದ ಬಿಲ್ಲೆಯೂ ಇಲ್ಲ. ಒಂದು ಸಾಧಾರಣ ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್ 2 ಗ್ರಾಂನಲ್ಲಿ ಓಡುತ್ತೆ. ಮೇಲಾಗಿ ಸ್ಪೀಕರು ಅದೇ ಪೆಟ್ಟಿಗೆಯಲ್ಲಿ. ಸದ್ದು ಏರಿಸಿದರೆ ಪೆಟ್ಟಿಗೆ ನಡುಗುತ್ತೆ, ಆ ನಡುಕ ಮತ್ತೆ ಮುಳ್ಳಿಗೇ ಹೋಗುತ್ತೆ. ಇದನ್ನೇ ಕೆಲವರು "ವಿನೈಲಿನ ಬೆಚ್ಚನೆಯ ದನಿ" ಅಂತ ಹೊಗಳೋದು ಕೇಳಿದ್ದೀನಿ. ಸವೆದ ಮುಳ್ಳು ಮೇಲಿನ ಸ್ವರಗಳನ್ನು ನುಂಗಿ ಹಾಕಿದ್ದಕ್ಕೆ ಇಷ್ಟು ಒಳ್ಳೆಯ ಹೆಸರು!

ನಾನು ಹೇಳೋದು ಇಷ್ಟೇ. ಮಷೀನು ಹುಡುಕುವ ಮೊದಲು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ, ತಟ್ಟೆಗಳನ್ನು ಒಂದೊಂದಾಗಿ ತೆಗೆದು ನೋಡಿ. ಯೂಟ್ಯೂಬಿನ ವಿದೇಶಿ ವಿಮರ್ಶಕರು ಎಲ್‌ಪಿ, ಅಂದರೆ ನಿಮಿಷಕ್ಕೆ 33 ಸುತ್ತಿನ ದೊಡ್ಡ ವಿನೈಲ್ ತಟ್ಟೆ ಇಟ್ಟುಕೊಂಡಿರುವವರಿಗೆ ಸಲಹೆ ಕೊಡ್ತಾರೆ. ನಮ್ಮ ಪೆಟ್ಟಿಗೆ ಬೇರೆ. ಧಾರವಾಡ, ಹುಬ್ಬಳ್ಳಿ, ಮೈಸೂರಿನ ಹಳೆಯ ಮನೆಗಳಲ್ಲಿ ಭೀಮಸೇನ ಜೋಶಿಯವರ ಎಲ್‌ಪಿ ಇರುತ್ತೆ, ಸಿನಿಮಾ ಹಾಡುಗಳ ಏಳು ಇಂಚಿನ ಇಪಿಗಳಿರುತ್ತವೆ, ಅವುಗಳ ಕೆಳಗೆ ಹಳೇ ಪೇಪರಿನಲ್ಲಿ ಸುತ್ತಿಟ್ಟ 78ರ ತಟ್ಟೆಗಳೂ (ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನ ಹಳೇ ರೆಕಾರ್ಡು) ಇರುತ್ತವೆ. ಮಲ್ಲಿಕಾರ್ಜುನ ಮನಸೂರರು ಎಚ್‌ಎಂವಿಗೆ ಹಾಡಲು ಶುರು ಮಾಡಿದ್ದು 1930ರ ದಶಕದಲ್ಲಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು "ಗಾಂಧಾರಿ" ಅನ್ನುವ ಹೆಸರಿನಲ್ಲಿ ಬಂದವು. ಬೀಳಗಿಯ ಅಮೀರಬಾಯಿ ಕರ್ನಾಟಕಿ, ಕಾಳಿಂಗರಾಯರ ಭಾವಗೀತೆ, ನಾಟಕ ಕಂಪನಿಯವರ ರಂಗಗೀತೆ, ಎಲ್ಲ ಈ ಅರಗಿನ ತಟ್ಟೆಗಳಲ್ಲೇ. (ಮೈಸೂರಿನ ಜಯಚಾಮರಾಜ ಒಡೆಯರು ತಮ್ಮ ದುಡ್ಡಿನಿಂದ ರಷ್ಯದ ಸಂಯೋಜಕ ಮೆಟ್ನರ್‌ನ ಕೃತಿಗಳನ್ನು ಎಚ್‌ಎಂವಿಯಲ್ಲಿ ಧ್ವನಿಮುದ್ರಣ ಮಾಡಿಸಿದ್ದೂ 78ರ ಕಾಲದಲ್ಲೇ. ಅದರ ಸೆಟ್ಟು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ನನಗೊಂದು ಫೋನ್ ಮಾಡಿ.)

78ರ ತಟ್ಟೆಯ ಗುರುತು ಹಿಡಿಯೋದು ಸುಲಭ. ಹತ್ತು ಇಂಚು, ಕೈಗೆ ಭಾರ, ಬಗ್ಗೋದಿಲ್ಲ, ಒಂದು ಮೈಗೆ ಮೂರು ನಿಮಿಷದ ಚಿಲ್ಲರೆ ಹಾಡು, ಬಿದ್ದರೆ ಚೂರು.

ಇಂಥ ತಟ್ಟೆ ನಾಲ್ಕೇ ನಾಲ್ಕು ಇದ್ದರೂ ಮಾರುಕಟ್ಟೆಯ ದೊಡ್ಡ ಪಾಲು ನಿಮ್ಮ ಪಟ್ಟಿಯಿಂದ ಹೊರಗೆ ಹೋಯಿತು. ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಒಳ್ಳೆಯದೇ, ಬಟನ್ ಒತ್ತಿದರೆ ತೋಳು ತಾನೇ ಹೋಗಿ ಕೂರುತ್ತೆ, ವಯಸ್ಸಾದವರ ನಡುಗುವ ಕೈಗೆ ಅದಕ್ಕಿಂತ ಅನುಕೂಲ ಬೇರಿಲ್ಲ. ಆದರೆ ಓಡೋದು 33, 45ರ ವೇಗದಲ್ಲಿ ಮಾತ್ರ. ಇಂಗ್ಲೆಂಡಿನ ರೇಗಾ ಪ್ಲಾನರ್ 1 ಕೂಡ ಹಾಗೆಯೇ. ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ ಇವೊ 78 ಓಡಿಸುತ್ತೆ, ಆದರೆ ಅದಕ್ಕೆ ತಟ್ಟೆ ಕೂರುವ ಪ್ಲ್ಯಾಟರ್ ಎತ್ತಿ, ಅದನ್ನು ತಿರುಗಿಸುವ ಬೆಲ್ಟ್ ಬದಲಿಸಬೇಕು. ಮನಸೂರರನ್ನು ಮೂರು ನಿಮಿಷ ಕೇಳಲು ಇಷ್ಟು ಸರ್ಕಸ್ ಮಾಡೋ ತಾಳ್ಮೆ ನನಗಿಲ್ಲ.

ವೇಗ ಇದ್ದರೆ ಸಾಲದು. ಸೂಟ್‌ಕೇಸಿನವರೂ "78 ಇದೆ" ಅಂತ ಬರೆದುಕೊಂಡಿರುತ್ತಾರೆ. ನಿಜವಾದ ವಿಷಯ ಮುಳ್ಳಿನದು. 78ರ ಗೀರು (ಮುಳ್ಳು ಓಡುವ ಹಾದಿ) ಅಗಲ, ಅದಕ್ಕೆ ಬೇಕಾದ ಮುಳ್ಳಿನ ತುದಿ ಸುಮಾರು 75 ಮೈಕ್ರಾನ್. ಎಲ್‌ಪಿಯ ಮುಳ್ಳು ಅದರ ಕಾಲುಭಾಗದಷ್ಟೂ ಇಲ್ಲ. ಎಲ್‌ಪಿಯ ಮುಳ್ಳಿನಲ್ಲಿ 78 ನುಡಿಸಿದರೆ ಅದು ಗೀರಿನ ತಳಕ್ಕೆ ಬಿದ್ದು, ಎಂಬತ್ತು ವರ್ಷದ ಕಸ ಗುಡಿಸಿಕೊಂಡು ಹೋಗುತ್ತೆ. ಹಾಡಿಗಿಂತ ಚರಚರ ಸದ್ದೇ ಹೆಚ್ಚು. ಹಿಂದಿನವರಿಗೆ ಇದು ಗೊತ್ತಿತ್ತು. ಹಳೆಯ ಪ್ಲೇಯರಿನ ತೋಳಿನ ತುದಿಯಲ್ಲೊಂದು ಚಿಕ್ಕ ಕಡ್ಡಿ ಇರುತ್ತಿತ್ತಲ್ಲ, ಹೊರಳಿಸಿದರೆ ಒಂದು ಕಡೆ ಎಲ್‌ಪಿ, ಇನ್ನೊಂದು ಕಡೆ 78. ಆ ಸೌಲಭ್ಯ ಈಗ ಹೋಗಿದೆ.

ಅದಕ್ಕೇ ನನ್ನ ಮತ ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್‌ಗೆ. ರೂಪ 1970ರ ದಶಕದ ಟೆಕ್ನಿಕ್ಸ್ ಎಸ್‌ಎಲ್-1200ರದ್ದು, ಅದರ ಗಟ್ಟಿತನ ಇದಕ್ಕಿಲ್ಲ, ಬೆಲೆಯೂ ಅಷ್ಟಿಲ್ಲ. ಆದರೆ ಮೂರೂ ವೇಗ ಬಟನ್ನಿನಲ್ಲೇ ಸಿಗುತ್ತವೆ. ಇದರ ಜೊತೆ ಬರುವ ವಿಎಂ95ಇ ಕಾರ್ಟ್ರಿಜ್ ಹಾಗೇ ಇರಲಿ, ಮುಳ್ಳನ್ನಷ್ಟೇ ಎಳೆದು ತೆಗೆದು 78ರ ವಿಎಂಎನ್95ಎಸ್‌ಪಿ ಮುಳ್ಳು ಸಿಕ್ಕಿಸಬಹುದು. ಭಾರ ಮಾತ್ರ 2 ಗ್ರಾಂನಿಂದ 5ಕ್ಕೆ ಏರಿಸಬೇಕು. ಅಗಲದ ಮುಳ್ಳಿಗೆ, ಗಟ್ಟಿ ಅರಗಿಗೆ ಅದು ಸರಿ. ಸೂಟ್‌ಕೇಸಿನ 5 ಗ್ರಾಂ ಬೀಳೋದು ಮೆತ್ತನೆ ವಿನೈಲಿನ ಮೇಲೆ, ತಕರಾರು ಅಲ್ಲಿ. ವೇಗ ತುಸು ಏರಿಳಿಸಲು ಡಿಜೆಗಳು ಆಡಿಸುವ ಪಿಚ್ ಜಾರುಗುಂಡಿಯೂ ಇದರಲ್ಲಿದೆ. ನಮಗೆ ಅದರ ಉಪಯೋಗ ಬೇರೆಯದೇ. ಹಳೇ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರಲ್ಲೇ ಕೆತ್ತಿದವಲ್ಲ. ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಜಾರುಗುಂಡಿ ಸರಿಸಿದರೆ ರಂಗಗೀತೆಯ ಶ್ರುತಿ ಕೂಡುತ್ತೆ. ಆಂಪ್ಲಿಫೈಯರಿನಲ್ಲಿ ಮೋನೋ ಬಟನ್ (ಎರಡೂ ಸ್ಪೀಕರಿಗೆ ಒಂದೇ ಸದ್ದು ಕಳಿಸೋದು) ಇದ್ದರೆ ಒತ್ತಿ. ಮುಳ್ಳು ಮೇಲೆಕೆಳಗೆ ಕುಣಿದು ಎಬ್ಬಿಸುವ ಗಲಾಟೆ ಬಹುಪಾಲು ಅಲ್ಲೇ ಅಳಿಯುತ್ತೆ, ಯಾಕೆಂದರೆ 78ರಲ್ಲಿ ಹಾಡಿರೋದು ಅಡ್ಡ ಚಲನೆಯಲ್ಲಿ ಮಾತ್ರ.

ಮೋಟಾರು ಬೆಲ್ಟಿನಿಂದ ತಿರುಗಿಸುವ ಬೆಲ್ಟ್ ಡ್ರೈವ್ ಮೇಲೋ, ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಮೇಲೋ ಅಂತ ಜಗಳಕ್ಕೆ ಬರುವವರಿಗೆ ನಮಸ್ಕಾರ. ಈ ಬೆಲೆಯಲ್ಲಿ ವ್ಯತ್ಯಾಸ ಮಾಡೋದು ಮುಳ್ಳು ಮತ್ತು ಸ್ಪೀಕರು.

"ಅಮೆರಿಕದಿಂದ ಬರುವವರ ಕೈಲಿ ತರಿಸ್ತೀವಿ" ಅನ್ನುವವರು ಸ್ವಲ್ಪ ನಿಲ್ಲಿ. ನಮ್ಮ ಭಾವ ನ್ಯೂಜೆರ್ಸಿಯಿಂದ ಒಂದು ಚೆಂದದ ಟರ್ನ್‌ಟೇಬಲ್ ಹೊತ್ತು ತಂದರು. ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರೂ ತಂದಿದ್ದರು, ಪಾಪ. ಹಾಕಿದರೆ ಜೋಶಿಯವರು ಹಾರ್ಮೋನಿಯಂನ ಮೂರು ಮನೆ ಕೆಳಗಿಳಿದು ಹಾಡ್ತಾ ಇದ್ದಾರೆ. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಮೋಟಾರು ಎಸಿ ಸಿಂಕ್ರೊನಸ್ ಆಗಿದ್ದರೆ ಅದು ಕರೆಂಟಿನ ತಾಳಕ್ಕೇ ತಿರುಗೋದು, 33ರ ತಟ್ಟೆ 28ಕ್ಕೂ ಮುಟ್ಟೋದಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಬದಲಿಸುತ್ತೆ, ಹರ್ಟ್ಸ್ ಬದಲಿಸೋದಿಲ್ಲ. ಡಿಸಿ ಅಡಾಪ್ಟರಿನಲ್ಲಿ ಓಡುವ ಮೋಟಾರಿಗೆ ಈ ತೊಂದರೆ ಇಲ್ಲ. ತರಿಸುವ ಮುಂಚೆ ಮೋಟಾರು ಯಾವುದು ಅಂತ ಕೇಳಿ.

ಇನ್ನೊಂದು ಗೊಂದಲ ಆಂಪ್ಲಿಫೈಯರಿನದು. ಹಳೆಯ ಸೆರಾಮಿಕ್ ಕಾರ್ಟ್ರಿಜ್ ಜೋರಾಗಿ ಸಿಗ್ನಲ್ ಕೊಡುತ್ತಿತ್ತು, ರೇಡಿಯೋದ ಹಿಂಭಾಗಕ್ಕೆ ನೇರ ಸಿಕ್ಕಿಸಿದರೂ ಹಾಡುತ್ತಿತ್ತು. ಮ್ಯಾಗ್ನೆಟ್ ಕಾರ್ಟ್ರಿಜ್ ಇರುವ ಹೊಸದರಲ್ಲಿ ಬರೋದು ಕೆಲವೇ ಮಿಲಿವೋಲ್ಟ್. ಅದನ್ನು ಎತ್ತಿ, ತಟ್ಟೆ ಕೆತ್ತುವಾಗ ತಗ್ಗಿಸಿದ ಬೇಸ್ ಸ್ವರಗಳನ್ನು ಮರಳಿ ತುಂಬಿಕೊಡಲು ಫೋನೋ ಪ್ರಿಆಂಪ್ ಬೇಕು. ಕೆಲವು ಟರ್ನ್‌ಟೇಬಲ್‌ಗಳ ಒಳಗೇ ಅದು ಇರುತ್ತೆ, ಮೇಲೆ ಹೇಳಿದ ಎರಡೂ ಆಡಿಯೋ-ಟೆಕ್ನಿಕಾಗಳಲ್ಲಿ ಇದೆ. ಇಲ್ಲದೆ ಜೋಡಿಸಿದರೆ ಸೊಳ್ಳೆ ಹಾಡಿದಂತೆ ಕೇಳುತ್ತೆ.

ಹಾಗಾದರೆ ಹಳೇ ಪ್ಲೇಯರ್ ರಿಪೇರಿ ಆಗೋದಿಲ್ಲವೇ? ಆಗುತ್ತೆ, ಆದರೆ ಖರ್ಚು ಮಾಡುವ ಮುಂಚೆ ಎರಡು ನೋಡಿ. ತಟ್ಟೆ ತಿರುಗಿಸುವ ರಬ್ಬರ್ ಚಕ್ರ ಒಣಗಿ ಕಲ್ಲಾಗಿದ್ದರೆ ಪ್ರತಿ ಹಾಡಿನ ಹಿಂದೆ ಗಿರಣಿ ಓಡಿದ ಸದ್ದು. ಕಾರ್ಟ್ರಿಜ್ ಹಳೆಯ ಕ್ರಿಸ್ಟಲ್ ಬಗೆಯದಾಗಿದ್ದರೆ ಅದರೊಳಗಿರೋದು ರೋಶೆಲ್ ಲವಣ, ತೇವ ತಾಗಿದರೆ ಹಾಳು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅದು ಬದುಕಿರೋದೇ ಅಪರೂಪ. ದುರಸ್ತಿ ಮಾಡಿಸಿ ಷೋಕೇಸಿನಲ್ಲಿಡಿ, ಹಬ್ಬಕ್ಕೊಮ್ಮೆ ತರಚಿ ಹಾಳಾದ ಇಪಿ ಹಾಕಿ. ಒಳ್ಳೆಯ ಎಲ್‌ಪಿಯನ್ನು ಅದರ ಭಾರದ ಮುಳ್ಳಿನ ಕೆಳಗೆ ಇಡಬೇಡಿ.

ಕೊನೆಗೆ ತೊಳೆಯೋ ವಿಚಾರ, ಯಾಕೆಂದರೆ ಹೊಸ ಮುಳ್ಳಿಗೆ ಮೊದಲ ಹೊಡೆತ ಬೀಳೋದು ಧೂಳಿನಿಂದ. ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ, ಗೀರಿನ ಗುಂಟ ಸುತ್ತ ಒರೆಸಿ. ಲೇಬಲ್ ನೆನೆಯದಿರಲಿ. ರೆಕಾರ್ಡ್ ಕ್ಲೀನರ್ ಅಂತ ಬಾಟಲಿಯಲ್ಲಿ ಮಾರುವುದರಲ್ಲಿ ಆಲ್ಕೋಹಾಲ್ ಇದೆಯೇ ಓದಿಕೊಳ್ಳಿ. ಎಲ್‌ಪಿಗೆ ತೆಳುವಾಗಿ ಹಾಕಿದರೆ ನಡೆಯುತ್ತೆ. 78ಕ್ಕೆ ಬೇಡವೇ ಬೇಡ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತೆ, ಗೀರಿನ ಸಮೇತ ಹಾಡು ಬಟ್ಟೆಗೆ ಬರುತ್ತೆ. ಮತ್ತೆ ಆ 78ರ ಮುಳ್ಳನ್ನು ಟರ್ನ್‌ಟೇಬಲ್ ಜೊತೆಗೇ ಆರ್ಡರ್ ಮಾಡಿ, ಆಮೇಲೆ ನೋಡೋಣ ಅಂದರೆ ಸ್ಟಾಕ್ ಇಲ್ಲ ಅಂತಾರೆ.